ಗ್ರಾಫಿಕ್ಸ್ ಕಾರ್ಡು ಅಣ್ಣನ ಪಾಲಿಗೆ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನನಗೆ ಆ ಕಷ್ಟ ಇಲ್ಲ. ಸತ್ತವನ ಮೇಲೆ ನನಗಿರುವುದು ಒಂದೇ ಒಂದು ಸಿಟ್ಟು, ಅದನ್ನು ಮುಂದೆ ಹೇಳುತ್ತೇನೆ. ಉಳಿದ ಸಿಟ್ಟೆಲ್ಲ ಬದುಕಿರುವವರ ಮೇಲೆ. ಅವರ ಬಗ್ಗೆ ಆಡಬಾರದು ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಆದರೂ ಹೆಸರು ಬರೆಯುವುದಿಲ್ಲ. ಹೊಸಕೋಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ನಮ್ಮಪ್ಪ ಇಟ್ಟಿದ್ದು, ಅವರ ನಂತರ ನಾನು ನಡೆಸಿಕೊಂಡು ಬಂದಿದ್ದೇನೆ. ಸತ್ತವನ ಅಣ್ಣನೂ ತಮ್ಮನೂ ಇವತ್ತಿಗೂ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಾದರೆ ನನ್ನಲ್ಲಿಗೇ ಬರುತ್ತಾರೆ. "ಸ್ವಲ್ಪ ಬೆಳ್ಳಗೆ ಮಾಡ್ಕೊಡಿ ಮೇಡಮ್ಮೋರೆ" ಎನ್ನುತ್ತಾರೆ. ಮಾಡಿಕೊಡುತ್ತೇನೆ. ಹೊಟ್ಟೆಪಾಡು.

ಅವನು ನಮ್ಮಲ್ಲಿ ಮದುವೆ ವಿಡಿಯೋಗಳ ಎಡಿಟರ್ ಆಗಿದ್ದ. ಅನುಗೊಂಡನಹಳ್ಳಿ ಕಡೆಯ ಊರು, ಜಮೀನಿದ್ದ ಮನೆ, ಮೂವರು ಗಂಡುಮಕ್ಕಳಲ್ಲಿ ನಡುವಿನವನು. ಅಣ್ಣ ಬೇಸಾಯ ನೋಡಿಕೊಳ್ಳುತ್ತಿದ್ದ. ತಮ್ಮ ಜಮೀನು ತೋರಿಸುವ ಬ್ರೋಕರುಗಳ ಹಿಂದೆ ಬಿಳಿ ಷರಟು ಹಾಕಿಕೊಂಡು ತಿರುಗುತ್ತಿದ್ದ. ಇವನೊಬ್ಬ ಮಾತ್ರ ಊರವರ ಮದುವೆಗಳನ್ನು ಕತ್ತರಿಸಿ ಜೋಡಿಸುತ್ತ ಕೂತಿರುತ್ತಿದ್ದ. ಮನೆಯಲ್ಲಿ ಅವನನ್ನು ಯಾರಾದರೂ ಕೇಳಿಕೊಂಡು ಬಂದರೆ ಅಣ್ಣ ಹೇಳುತ್ತಿದ್ದದ್ದು ಒಂದೇ ಮಾತು: "ಒಳಗವ್ನೆ ನೋಡಿ, ಅದೇನೋ ಆಡ್ತಾ ಕೂತವ್ನೆ."

ಮೊದಲ ಸಲ ಸ್ಟುಡಿಯೋಗೆ ಬಂದ ದಿನವೇ ಅವನು ನನ್ನ ಕಂಪ್ಯೂಟರಿನ ಮುಚ್ಚಳ ಬಿಚ್ಚಿದ. ಒಂದು ಮಾತು ಕೇಳಲಿಲ್ಲ. ಅದನ್ನು ನಾನು ಷೋರೂಮಿನಿಂದ ತಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ, ಹೊದಿಸಿದ ಪ್ಲಾಸ್ಟಿಕ್ಕನ್ನೂ ಪೂರ್ತಿ ಕಿತ್ತಿರಲಿಲ್ಲ. ಒಳಗೆ ಬಗ್ಗಿ ನೋಡಿ, ತಲೆ ಎತ್ತಿ, "ಅಕ್ಕ, ಇದನ್ನ ಒಳಗೆ ನೋಡಿ ತಗೊಂಡ್ರಾ, ಡಬ್ಬ ನೋಡಿ ತಗೊಂಡ್ರಾ?" ಅಂದ.

"ಡಬ್ಬಾನೇ ನೋಡಿದ್ದು. ಏನೀಗ?"

"ಏನಿಲ್ಲ. ಡಬ್ಬ ಚೆನ್ನಾಗೈತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವನು ಹೇಳಿದ್ದು ನಿಜವೇ ಆಗಿತ್ತು. ಎರಡು ಕ್ಯಾಮೆರಾದ ಮದುವೆಯೊಂದನ್ನು ಹಾಕಿದರೆ ಸಾಕು, ಆ ಯಂತ್ರ ಧಾರೆಯ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತಿತ್ತು. ಕೊನೆಗೆ ಅದನ್ನು ಬಿಲ್ಲು ಬರೆಯಲು ಇಟ್ಟುಕೊಂಡು, ಬೇರೆಯದನ್ನು ನಾವೇ ಜೋಡಿಸುವುದು ಎಂದಾಯಿತು. ಅವನ ಜೊತೆ ಬೆಂಗಳೂರಿನ ಕಂಪ್ಯೂಟರ್ ಪೇಟೆಗೆ, ಎಸ್.ಪಿ. ರೋಡಿಗೆ ಹೋದೆ.

ಅವನ ಜೊತೆ ಸಾಮಾನು ಕೊಳ್ಳಲು ಹೋಗುವುದೆಂದರೆ ಹೆಣ್ಣು ನೋಡಲು ಹೋದ ಹಾಗೆ. ಒಂದು ಅಂಗಡಿಯಲ್ಲಿ ಕೂತು, ನೀರು ಕುಡಿದು, ಎಲ್ಲ ವಿಚಾರಿಸಿ, "ಮನೇಲಿ ಮಾತಾಡಿ ಹೇಳ್ತೀವಿ" ಅನ್ನುವವರ ಹಾಗೆ ಎದ್ದು ಇನ್ನೊಂದಕ್ಕೆ ಹೋಗುತ್ತಿದ್ದ. ಇಂಥ ಪ್ರೊಸೆಸರಿಗೆ ಇಂಥ ಮದರ್‌ಬೋರ್ಡೇ ಕೂಡಬೇಕು, ಆ ಬೋರ್ಡಿಗೆ ಇಂಥ ರ‍್ಯಾಮೇ ಕೂಡಬೇಕು, ಗ್ರಾಫಿಕ್ಸ್ ಕಾರ್ಡು ಉದ್ದವಾಗಿದ್ದರೆ ಕ್ಯಾಬಿನೆಟ್ಟಿನಲ್ಲಿ ಹಿಡಿಸುವುದಿಲ್ಲ. ಸಾಲಾವಳಿ ನೋಡುವವರಾದರೂ ಒಂದು ಗುಣ ಹೆಚ್ಚುಕಡಿಮೆ ಇದ್ದರೆ ನಡೆಯುತ್ತದೆ ಅನ್ನುತ್ತಾರೆ. ಇವನು ಅನ್ನುತ್ತಿರಲಿಲ್ಲ.

ಎಲ್ಲಕ್ಕಿಂತ ಮೊದಲು ಅವನು ಆರಿಸಿದ್ದು ಎಸ್‌ಎಂಪಿಎಸ್ಸನ್ನು. ಅದು ಗೋಡೆಯ ಕರೆಂಟನ್ನು ಅಳೆದು ಒಳಗಿನ ಒಂದೊಂದು ಭಾಗಕ್ಕೂ ಎಷ್ಟು ಬೇಕೋ ಅಷ್ಟು ಕೊಡುವ ಪೆಟ್ಟಿಗೆ. ನೋಡಲು ಕರಿ ಇಟ್ಟಿಗೆ. ನನಗೆ ಅದರ ಮೇಲೆ ಅಷ್ಟು ಖರ್ಚು ಮಾಡಲು ಮನಸ್ಸಿರಲಿಲ್ಲ.

"ಅಕ್ಕ, ಎಲ್ರೂ ಪ್ರೊಸೆಸರ್ ಯಾವ್ದು ಅಂತ ಕೇಳ್ತಾರೆ. ಅದಕ್ಕೆ ಅನ್ನ ಇಕ್ಕೋನು ಯಾರು ಅಂತ ಒಬ್ರೂ ಕೇಳಲ್ಲ. ನಮ್ಮ ಕಡೆ ಪಂಪ್‌ಸೆಟ್ಟಿಗೆ ಕರೆಂಟ್ ಬಿಟ್ರೆ ಮನೆ ಬಲ್ಬು ಕಣ್ಣು ಹೊಡೀತದೆ. ಆಗ ಗೊತ್ತಾಗುತ್ತೆ ಇವನ ಯೋಗ್ಯತೆ."

ಎಸ್‌ಎಂಪಿಎಸ್ಸಿಗೆ ಚೌಕಾಸಿ ಮಾಡದೆ, ಮೌಸಿಗೆ ಮಾತ್ರ ಅಂಗಡಿಯವನ ಜೊತೆ ಜಗಳಕ್ಕೆ ನಿಂತ. ಪ್ರತಿಯೊಂದರ ಸೀಲನ್ನೂ ತನ್ನೆದುರೇ ಒಡೆಸಿದ. ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟು ಖಾಲಿ ಇತ್ತು, ಕುಲುಕುತ್ತದೆ ಎಂದು ಕೂರಲಿಲ್ಲ. ಕಂಡಕ್ಟರ್, "ಏನಪ್ಪಾ, ಅದರೊಳಗೇನು ಮೊಟ್ಟೆ ಇಟ್ಟಿದ್ದೀಯಾ?" ಎಂದು ರೇಗಿಸಿದ. "ಮೊಟ್ಟೆ ಆಗಿದ್ರೆ ಕೂತ್ಕೊಳ್ತಿದ್ದೆ ಬಿಡಿ" ಎಂದು ಇವನು ಹೊಸಕೋಟೆವರೆಗೂ ನಿಂತೇ ಬಂದ.

ಜೋಡಿಸುವಾಗ ಮಾತ್ರ ಅವನು ಬೇರೆ ಮನುಷ್ಯ. ಮೊದಲು ಹೋಗಿ ಅಂಗಡಿಯ ಕಬ್ಬಿಣದ ಷಟರನ್ನು ಅಂಗೈಯಿಂದ ಮುಟ್ಟುತ್ತಿದ್ದ. ಮೈಯಲ್ಲಿರುವ ಕರೆಂಟು ಇಳಿಯಬೇಕಂತೆ, ಇಲ್ಲದಿದ್ದರೆ ಬೋರ್ಡು ಕಣ್ಣಿಗೆ ಕಾಣದ ಹಾಗೆ ಸುಟ್ಟುಹೋಗುತ್ತದಂತೆ. ಪ್ರೊಸೆಸರಿನ ಮೇಲೆ ಶಾಖ ಎಳೆಯುವ ಪೇಸ್ಟನ್ನು ಅರ್ಧ ಅವರೆಕಾಳಿನಷ್ಟು ಹಾಕಿ, ಅದರ ಮೇಲೆ ಫ್ಯಾನ್ ಕೂರಿಸಿ, ನಾಲ್ಕು ಮೂಲೆಯ ಸ್ಕ್ರೂಗಳನ್ನು ಎದುರುಬದುರಾಗಿ ಒಂದೊಂದೇ ಸುತ್ತು ತಿರುಗಿಸುತ್ತಿದ್ದ. ಆನ್ ಆದಾಗ ನಾನು ಪರದೆ ನೋಡುತ್ತಿದ್ದರೆ ಅವನು ಫ್ಯಾನಿನ ಸದ್ದಿಗೆ ಕಿವಿ ಕೊಟ್ಟಿದ್ದ. "ಹ್ಞೂಂ, ಪರ್ವಾಗಿಲ್ಲ" ಅಂದ. ಅವನ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಅವನು ಸುಲಭದ ಮನುಷ್ಯ ಆಗಿರಲಿಲ್ಲ ಎಂದೂ ಹೇಳಬೇಕು. ಹೇಳಿದ ದಿನಕ್ಕೆ ಕೆಲಸ ಕೊಟ್ಟವನಲ್ಲ. ಒಂದು ಮದುವೆಯ ವಿಡಿಯೋ ಎಷ್ಟು ತಡ ಮಾಡಿದನೆಂದರೆ, ಆ ಗಂಡ ಹೆಂಡತಿ ಮಗುವನ್ನು ಎತ್ತಿಕೊಂಡು ಕೇಳಲು ಬಂದರು. ಇವನು ತಲೆ ಕೂಡ ತಗ್ಗಿಸದೆ, "ನಾಮಕರಣದ್ದೂ ಕೊಟ್ಬಿಡಿ, ಸೇರಿಸಿ ಮಾಡ್ಕೊಡ್ತೀನಿ" ಅಂದ. ಗಿರಾಕಿಗಳ ಬೈಗುಳ ತಿಂದವಳು ನಾನು. ಬಣ್ಣಬಣ್ಣದ ದೀಪ ಮಿನುಗುವ ಕಂಪ್ಯೂಟರ್ ಬೇಕು ಎಂದು ಯಾರಾದರೂ ಸಲಹೆ ಕೇಳಲು ಬಂದರೆ, "ದೀಪ ಬೇಕಾದ್ರೆ ಗಣೇಶನ ಹಬ್ಬದ ಸೀರಿಯಲ್ ಸೆಟ್ ತಗೊಳ್ಳಿ, ಸಸ್ತಾ" ಎಂದು ಓಡಿಸುತ್ತಿದ್ದ. ಹಾಗೆ ಓಡಿಸಿದವನು ತನ್ನದಕ್ಕೆ ಗಾಜಿನ ಪಕ್ಕೆಯ, ಒಳಗೆ ದೀಪ ಉರಿಯುವ ಕ್ಯಾಬಿನೆಟ್ಟನ್ನೇ ತಂದ. ಕೇಳಿದರೆ, "ಗಾಳಿ ಚೆನ್ನಾಗಿ ಆಡ್ತದಕ್ಕ" ಅಂದ. ದೀಪದ ಮಾತೇ ಎತ್ತಲಿಲ್ಲ.

ಎಡಿಟಿಂಗಿನಲ್ಲಿ ಅವನದೊಂದು ನಿಯಮ ಇತ್ತು. ಕುಣಿಯುವ ಗೆಳೆಯರನ್ನು, ಸೆರಗು ಸರಿಮಾಡಿಕೊಳ್ಳುತ್ತ ಕ್ಯಾಮೆರಾ ಮುಂದೆ ನಾಲ್ಕು ಸಲ ಹಾಯುವ ಚಿಕ್ಕಮ್ಮಂದಿರನ್ನು ದಯೆಯಿಲ್ಲದೆ ಕತ್ತರಿಸುತ್ತಿದ್ದ. ಕುರ್ಚಿಯಲ್ಲಿ ಸುಮ್ಮನೆ ಕೂತ ಮುದುಕರನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಇವತ್ತು ಬೇಜಾರು ಅಂತಾರೆ. ಬರೋ ವರ್ಷ ಇದೊಂದೇ ತುಂಡು ಕೇಳ್ಕೊಂಡು ಬರ್ತಾರೆ ನೋಡ್ತಿರಿ" ಅನ್ನುತ್ತಿದ್ದ. ಬರುತ್ತಿದ್ದರು ಕೂಡ.

ತನ್ನ ಸ್ವಂತದ ಯಂತ್ರವನ್ನು ಅವನು ಕಟ್ಟಿದ್ದು ವರ್ಷಗಟ್ಟಲೆ. ಒಂದು ಲಗ್ನದ ಕಾಲ ಮುಗಿದರೆ ಒಂದು ಸಾಮಾನು. ಮೊದಲು ಬಂದದ್ದು ಎಸ್‌ಎಂಪಿಎಸ್. ಮನೆ ಕಟ್ಟುವ ಮೊದಲೇ ಮೀಟರ್ ಬೋರ್ಡ್ ತಂದಿಟ್ಟುಕೊಂಡವನು ಎಂದು ನಾನು ಆಡಿಕೊಂಡಿದ್ದೇನೆ. ಆಮೇಲೆ ಪ್ರೊಸೆಸರ್ ಬಂತು. ಅದಕ್ಕೆ ಸರಿಹೊಂದುವ ಬೋರ್ಡು ಕೊಳ್ಳುವ ಹೊತ್ತಿಗೆ ಆ ಬೋರ್ಡು ಪೇಟೆಯಿಂದಲೇ ಮಾಯವಾಗಿತ್ತು. ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತಿ, ಯಾರದೋ ಗೋಡೌನಿನ ಮೂಲೆಯಲ್ಲಿದ್ದ ಒಂದನ್ನು ಹಿಡಿದುಕೊಂಡು ಬಂದ. ಅದನ್ನು ತೋರಿಸಲು ಮನೆಗೂ ಹೋಗದೆ ನೇರ ಸ್ಟುಡಿಯೋಗೆ ಬಂದಿದ್ದ. ಹೊಂದುವ ಜೊತೆ ಸಿಗುವವರೆಗೂ ಎಲ್ಲವೂ ಅವರ ಮನೆಯ ರಾಗಿ ಚೀಲಗಳ ಕೋಣೆಯಲ್ಲಿ, ಅಟ್ಟದ ಮೇಲೆ, ಬಂದ ಪೆಟ್ಟಿಗೆಗಳಲ್ಲೇ ಕಾದಿದ್ದವು. ಅವರವ್ವ ಕೇಳುತ್ತಿದ್ದರಂತೆ, "ಯಾವಾಗ್ಲಾ ಹತ್ಕೊಳ್ಳೋದು ಇದು?" ಇವನದು ಯಾವಾಗಲೂ ಒಂದೇ ಉತ್ತರ: "ಇನ್ನೊಂದು ಸಾಮಾನು ಬರ್ಬೇಕು ಕಣವ್ವ."

ಹೆಣ್ಣು ನೋಡಲು ಹೋದ ಕಡೆಯೆಲ್ಲ "ಹುಡುಗ ಮನೇಲೇ ಕೂತಿರ್ತಾನಂತಲ್ಲ" ಎಂದು ಮಾತು ಮುರಿಯುತ್ತಿತ್ತು. ಮೂರು ನಾಲ್ಕು ಕಡೆ ಹಾಗಾದ ಮೇಲೆ ಅವನು ಹೋಗುವುದನ್ನೇ ಬಿಟ್ಟ. ಆ ಯಂತ್ರ ಹತ್ತಿಕೊಂಡ ದಿನ ನನ್ನನ್ನು ಊರಿಗೆ ಕರೆಸಿದ. ಅವರವ್ವ ಒಬ್ಬಟ್ಟು ಮಾಡಿದ್ದರು. ಅವನ ಹೆಸರಲ್ಲಿ ಬೇರೆ ಯಾವ ಶುಭಕ್ಕೂ ಕರೆಯಲಾಗದ ಮನೆ, ಇದಕ್ಕೆ ಕರೆಯಿತು. ಅವತ್ತು ಅವನು ಫ್ಯಾನಿನ ಸದ್ದು ಕೇಳಲಿಲ್ಲ. ನನ್ನ ಮುಖ ನೋಡುತ್ತಿದ್ದ.

ಅವರವ್ವ ತೀರಿಕೊಂಡ ಮೇಲೆ ಮನೆ ಭಾಗ ಆಗುವುದೆಂದು ಗೊತ್ತಾಯಿತು. ಅವನು ಫೋನು ಮಾಡಿದ.

"ಅಕ್ಕ, ಭಾನುವಾರ ಊರಿಗೆ ಬರ್ತೀರಾ? ಆ ಮಿಷನ್ನು ನಂದು, ಸ್ಟುಡಿಯೋ ದುಡಿಮೇಲಿ ತಗೊಂಡಿದ್ದು ಅಂತ ಒಂದ್ಮಾತು ಹೇಳ್ಬೇಕು. ನನ್ನ ಮಾತು ಇಲ್ಲಿ ನಡೆಯಲ್ಲ."

ಹೋದೆ. ಅಂಗಳದಲ್ಲಿ ಕೊಪ್ಪರಿಗೆ, ಗುದ್ದಲಿ, ಹಗ್ಗ, ಹಳೇ ಪಂಪು, ಎಲ್ಲವನ್ನೂ ಗುಡ್ಡೆ ಹಾಕಿದ್ದರು. ಊರಿನ ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಭಾಗದಲ್ಲಿ ನಮ್ಮ ಕಡೆ ಒಂದು ಪದ್ಧತಿ ಇದೆ. ಗುಡ್ಡೆ ಮಾಡಿದವನು ಕೊನೆಗೆ ಎತ್ತಿಕೊಳ್ಳಬೇಕು, ಕಿರಿಯವನು ಮೊದಲು. ಮೋಸ ಆಗದಿರಲಿ ಎಂದು ಹಿರಿಯರು ಮಾಡಿದ್ದು. ಆದರೆ ಸಮ ಮಾಡುವ ಹುಚ್ಚಿನಲ್ಲಿ ರುಬ್ಬುವ ಕಲ್ಲು ಒಬ್ಬನಿಗೆ, ಅದರ ಗುಂಡು ಇನ್ನೊಬ್ಬನಿಗೆ ಹೋದದ್ದನ್ನು ನಾನು ಅವತ್ತು ಕಣ್ಣಾರೆ ಕಂಡೆ.

ಕಂಪ್ಯೂಟರಿನ ಮಾತು ಬಂದಾಗ ನಾನು ಹೇಳಬೇಕಾದದ್ದನ್ನು ಹೇಳಿದೆ. ಅಣ್ಣ ಕೇಳಿದ:

"ದುಡಿದಿದ್ದು ಅವನು ಅಂತೀರ, ಸರಿ. ಉಂಡಿದ್ದು ಯಾರ ರಾಗಿ? ಅದಕ್ಕೆ ಉರಿಸಿದ ಕರೆಂಟ್ ಬಿಲ್ಲು ಯಾರ ಹೆಸರಲ್ಲಿ ಬರ್ತದೆ?"

"ಹಾಗಾದ್ರೆ ನಿಮ್ಮ ಕಿರೀ ತಮ್ಮನ ಬೈಕು?" ಅಂದೆ.

"ಅದು ಅವನ ಮಾವನ ಮನೆಯೋರು ಕೊಟ್ಟಿದ್ದು. ಇದು ನಮ್ಮನೆ ವಿಷ್ಯ ಮೇಡಮ್ಮೋರೆ, ನೀವು ಕಾಫಿ ಕುಡೀರಿ."

ಯಜಮಾನರು ತಲೆದೂಗಿದರು. "ಒಟ್ಟಿಗಿದ್ದಾಗ ಮಾಡಿದ್ದು ಒಟ್ಟಿಂದೇ ಕಣಮ್ಮ."

ಆಗ ಅವನು ಎದ್ದುನಿಂತ. ಅಷ್ಟು ಜನರ ಮುಂದೆ ಅವನು ಬಾಯಿ ತೆರೆದದ್ದು ಅದೇ ಮೊದಲು. "ನನ್ನ ಪಾಲಿನ ಜಮೀನು ಇವರೇ ಇಟ್ಕೊಳ್ಳಲಿ. ಆ ಮಿಷನ್ನು, ಅದು ಇರೋ ಕೋಣೆ, ಎರಡು ನನಗೆ ಬಿಟ್ಬಿಡಿ. ಇನ್ನೇನೂ ಕೇಳಲ್ಲ."

ಓದುವವರು ಇಲ್ಲಿ ನಮ್ಮ ಸೀಮೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಹೈವೇ ಅಗಲವಾಗಿ, ಗೋಡೌನುಗಳು ಎದ್ದು, ಬದುವಿನ ಮೇಲೆಲ್ಲ ಲೇಔಟಿನ ಕಲ್ಲು ನೆಟ್ಟ ಮೇಲೆ ಹೊಸಕೋಟೆ ಕಡೆ ಜಮೀನು ಬೇಡ ಎನ್ನುವವನು ಹುಟ್ಟಿಲ್ಲ. ಹುಟ್ಟಿದ್ದರೆ ಅವನು ಹುಚ್ಚ, ಹುಚ್ಚನಲ್ಲದಿದ್ದರೆ ಕಳ್ಳ. ಜಮೀನಿಗೆ ಬದಲಾಗಿ ಒಂದು ಸಾಮಾನು ಕೇಳುತ್ತಾನೆ ಎಂದರೆ ಆ ಸಾಮಾನು ಜಮೀನಿಗಿಂತ ಹೆಚ್ಚು ಬಾಳುತ್ತದೆ. ಆ ಲೆಕ್ಕ ಅಲ್ಲಿದ್ದವರ ಮುಖದ ಮೇಲೆ ಒಂದೇ ಹೊತ್ತಿಗೆ ಹಾಯ್ದುಹೋದದ್ದನ್ನು ನೋಡಿದೆ.

ತಮ್ಮನೇ ಮೊದಲು ಬಾಯಿಬಿಟ್ಟ. "ಅಣ್ಣ, ಅದರಲ್ಲಿ ಬಿಟ್‌ಕಾಯಿನ್ ತೆಗೀತಾರೆ. ಮೊಬೈಲಲ್ಲಿ ನೋಡಿದ್ದೀನಿ. ಮನೇಲಿ ಕೂತ್ಕೊಂಡೇ ಕೋಟ್ಯಧಿಪತಿ ಆಗವ್ರೆ. ಅದಕ್ಕೇ ಇವ್ನು ಯಾವಾಗ್ಲೂ ಬಾಗಿಲು ಹಾಕ್ಕೊಂಡಿರೋದು."

ಅವನು ಬಾಗಿಲು ಹಾಕಿಕೊಳ್ಳುತ್ತಿದ್ದುದು ರಾಗಿ ದೂಳು ಫ್ಯಾನಿಗೆ ಹೋಗಬಾರದು ಎಂದು. ನಾನು ಎದ್ದು ಹೇಳಿದೆ: ಅದು ಬರೀ ಕೆಲಸದ ಯಂತ್ರ, ವಯಸ್ಸಾದ ಎತ್ತಿನ ಹಾಗೆ ವರ್ಷ ವರ್ಷ ಬೆಲೆ ಇಳಿಯುತ್ತದೆ, ಬಿಚ್ಚಿದರೆ ಇನ್ನೂ ಇಳಿಯುತ್ತದೆ. ಯಜಮಾನರು ನಕ್ಕರು.

"ವರ್ಷ ವರ್ಷ ಬೆಲೆ ಇಳಿಯೋ ಸಾಮಾನಿಗೆ ಜಮೀನು ಬಿಡ್ತಾನೇನಮ್ಮ ಯಾವನಾದ್ರೂ?"

ಬಿಡುವವನು ಒಬ್ಬ ಅಲ್ಲಿ ಎದುರಿಗೇ ನಿಂತಿದ್ದ, ಅವರಿಗೆ ಕಾಣುತ್ತಿರಲಿಲ್ಲ ಅಷ್ಟೆ.

ಬಿಚ್ಚಿ ಮೂರು ಪಾಲು ಮಾಡಬೇಕು ಎಂದು ತೀರ್ಮಾನ ಆಯಿತು. ಬಿಚ್ಚಲು ಊರಿನಲ್ಲಿ ಬರುತ್ತಿದ್ದದ್ದು ಅವನೊಬ್ಬನಿಗೇ. ಒಳಗೆ ಹೋದ, ಅದರಲ್ಲಿದ್ದ ಮದುವೆಗಳನ್ನೆಲ್ಲ ನನ್ನ ಡಿಸ್ಕಿಗೆ ತುಂಬಿಕೊಟ್ಟ, ಆಮೇಲೆ ಯಂತ್ರವನ್ನು ಎತ್ತಿಕೊಂಡು ಜಗಲಿಗೆ ಬಂದ. ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟಿ, ಚಕ್ಕಳಮಕ್ಕಳ ಹಾಕಿ ಕೂತ. ಅಟ್ಟದಿಂದ ಪೆಟ್ಟಿಗೆಗಳನ್ನು ಇಳಿಸಿಕೊಂಡು ಬಂದಿದ್ದ, ಒಂದನ್ನೂ ಎಸೆದಿರಲಿಲ್ಲ.

ಗುಡ್ಡೆ ಮಾಡತೊಡಗಿದಾಗ ನನಗೆ ಅವನ ಉಪಾಯ ಹೊಳೆಯಿತು. ಮೊದಲ ಗುಡ್ಡೆಗೆ ದೊಡ್ಡ ಮಾನಿಟರು, ಕೀಬೋರ್ಡು, ಸ್ಪೀಕರು. ಎರಡನೆಯದಕ್ಕೆ ಗಾಜಿನ ಪಕ್ಕೆಯ ಕ್ಯಾಬಿನೆಟ್ಟು, ಜೊತೆಗೆ ಭಾರಕ್ಕೆ ಯುಪಿಎಸ್ಸು. ಮೂರನೆಯದರಲ್ಲಿ ಬರೀ ರಟ್ಟಿನ ಪೆಟ್ಟಿಗೆಗಳು: ಪ್ರೊಸೆಸರು, ರ‍್ಯಾಮು ಕೂತಿರುವ ಬೋರ್ಡು, ಗ್ರಾಫಿಕ್ಸ್ ಕಾರ್ಡು, ಡಿಸ್ಕು, ಆ ಕರಿ ಇಟ್ಟಿಗೆ. ಜೀವವೆಲ್ಲ ಆ ರಟ್ಟಿನಲ್ಲಿತ್ತು. ತಮ್ಮ ದೀಪ ಇರುವುದನ್ನು ಎತ್ತಿಕೊಳ್ಳುತ್ತಾನೆ, ಅಣ್ಣ ಟಿವಿಯ ಹಾಗಿರುವುದನ್ನು. ಕೊನೆಗೆ ಉಳಿಯುವುದು ಇವನಿಗೆ. ಮಾನಿಟರು, ಕ್ಯಾಬಿನೆಟ್ಟು ಎಲ್ಲಾದರೂ ಹಳೆಯವು ಸಿಗುತ್ತವೆ. ಅವನ ಜೀವಮಾನದಲ್ಲಿ ಅವನು ಮಾಡಿದ ಒಂದೇ ಒಂದು ಚಾಲಾಕಿತನ ಅದು.

ತಮ್ಮ ಬಗ್ಗಿ ಕ್ಯಾಬಿನೆಟ್ಟಿನ ಮೇಲೆ ಕೈ ಇಟ್ಟೂ ಆಗಿತ್ತು. ಆಗ ಅಣ್ಣ ಕೇಳಿದ:

"ಅಲ್ಲಾ, ಆ ಕಾಯಿನ್ನು ಅಂತಾನಲ್ಲ ಇವ್ನು, ಅದು ಬರೋದು ಇದರಲ್ಲಿ ಯಾವುದರಿಂದ್ಲಾ?"

ಗಾಜಿನ ಪೆಟ್ಟಿಗೆಯ ಕಡೆ ಬೆರಳು ಮಾಡಿದ್ದರೆ ಮುಗಿದಿತ್ತು. ಬೆರಳು ಕೂಡ ಬೇಡ, ಗೊತ್ತಿಲ್ಲ ಅಂದಿದ್ದರೂ ಆಗುತ್ತಿತ್ತು. ಇವನು ರಟ್ಟಿನ ಪೆಟ್ಟಿಗೆ ತೆರೆದು, ಗ್ರಾಫಿಕ್ಸ್ ಕಾರ್ಡನ್ನು ಅಂಚಿನಲ್ಲಿ ಹಿಡಿದು ಮೇಲೆತ್ತಿದ.

"ನಾನು ಅದೆಲ್ಲ ಮಾಡಲ್ಲ. ಆದ್ರೆ ಮಾಡೋರು ಮಾಡೋದು ಇದರಲ್ಲೇ. ಇಡೀ ಮಿಷನ್ನಲ್ಲಿ ಇಂಥ ಸಾಮಾನು ಇನ್ನೊಂದಿಲ್ಲ."

ನಾನು ಹೇಳುತ್ತೇನೆಂದ ಸಿಟ್ಟು ಇದು. ಇವತ್ತಿಗೂ ಆರಿಲ್ಲ. ಅದನ್ನು ಪ್ರಾಮಾಣಿಕತೆ ಎಂದು ಯಾರಾದರೂ ಹೊಗಳಿದರೆ ನಾನು ಒಪ್ಪುವುದಿಲ್ಲ. ಅದು ಜಂಬ. ತಾನು ಆರಿಸಿ ತಂದ ಸಾಮಾನನ್ನು ಕಡಿಮೆ ಮಾಡಿ ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ.

ಒಂದನ್ನು ಹೇಳಿದ ಮೇಲೆ ಇನ್ನೊಂದನ್ನು ಕೇಳಿದರು. ಇದೇನು, ಅದೇನು? ಇವನು ಹೇಳುತ್ತ ಹೋದ. ಬೋರ್ಡು ಅಂದರೆ ಮನೆ ಇದ್ದಂಗೆ, ಪ್ರೊಸೆಸರು ಮನೆ ಯಜಮಾನ, ಡಿಸ್ಕು ಕಣಜ, ರ‍್ಯಾಮು ಅಂದರೆ ಕಣಜದಿಂದ ತೆಗೆದು ಹರವಿಕೊಳ್ಳೋ ಜಗಲಿ, ಜಗಲಿ ದೊಡ್ಡದಿದ್ದಷ್ಟೂ ಕೆಲಸ ಸಲೀಸು. ಕೂತವರು ಹತ್ತಿರ ಸರಿದರು. ಯಾರೋ ಅವನಿಗೂ ಒಂದು ಲೋಟ ಕಾಫಿ ತಂದುಕೊಟ್ಟರು. ಯಜಮಾನರು ಪ್ರೊಸೆಸರನ್ನು ಬಗ್ಗಿ ನೋಡಿ, "ಇಷ್ಟೇ ಇಷ್ಟು ಐತಲ್ಲಾ!" ಅಂದರು. ಅಷ್ಟು ವರ್ಷ ಆ ಊರಿನಲ್ಲಿ ಒಬ್ಬನೂ ಅವನ ಕೆಲಸ ಏನೆಂದು ಕೇಳಿರಲಿಲ್ಲ. ಅವತ್ತು ಎಲ್ಲರೂ ಕೇಳಿದರು. ಅವನ ಮುಖ ಅರಳಿತ್ತು. ಹಾಗೆ ಅರಳಿದ್ದನ್ನು ನಾನು ಒಬ್ಬಟ್ಟಿನ ದಿನ ಬಿಟ್ಟರೆ ಬೇರೆ ಎಂದೂ ನೋಡಿರಲಿಲ್ಲ.

ಎಲ್ಲ ಕೇಳಿಸಿಕೊಂಡು, ಅವನು ಹೇಳಿದ ಪ್ರಕಾರವೇ ಹಂಚಿಕೊಂಡರು. ಗ್ರಾಫಿಕ್ಸ್ ಕಾರ್ಡು, ಮಾನಿಟರು ಅಣ್ಣನ ಪಾಲಿಗೆ. ಪ್ರೊಸೆಸರು, ರ‍್ಯಾಮು, ಡಿಸ್ಕು ತಮ್ಮನಿಗೆ. ಯಜಮಾನನನ್ನೂ ಜಗಲಿಯನ್ನೂ ಕಣಜವನ್ನೂ ಕಳೆದುಕೊಂಡ ಮನೆ, ಅಂದರೆ ಬೋರ್ಡು, ಅದರ ಗಾಜಿನ ಕ್ಯಾಬಿನೆಟ್ಟು, ಎಸ್‌ಎಂಪಿಎಸ್ಸು ಇವನಿಗೆ. ಬೋರ್ಡಿನಿಂದ ಪ್ರೊಸೆಸರನ್ನು ಬಿಡಿಸಿ, ಹಳೇ ಪೇಸ್ಟನ್ನು ಹತ್ತಿಯಲ್ಲಿ ಒರೆಸಿ, ಅದರ ಡಬ್ಬಿಯಲ್ಲಿಟ್ಟು ಇವನೇ ತಮ್ಮನ ಕೈಗೆ ಕೊಟ್ಟ. "ಪಿನ್ನು ಮುಟ್ಬೇಡ" ಎಂದ. ಅನ್ಯಾಯ ಆಗಬಾರದು ಎಂದು ಜಮೀನನ್ನೂ ಮೂರು ಪಾಲು ಮಾಡಿ ಅವನದನ್ನು ಅವನಿಗೇ ಕೊಟ್ಟರು. ಬೇಡ ಬೇಡ ಎಂದರೂ ಕೊಟ್ಟರು. ಖಾತೆ ಮಾಡಿಸುವಾಗ ಮಾತ್ರ ಅಣ್ಣ ಸಹಿಗೆ ಬರಲಿಲ್ಲ, ಇವತ್ತು ನಾಳೆ ಎಂದು ವರ್ಷ ತಳ್ಳಿದ. ಖಾತೆಯಿಲ್ಲದ ಜಮೀನನ್ನು ಇವನು ಮಾರುವ ಹಾಗೂ ಇರಲಿಲ್ಲ, ಉಳುವ ಮನುಷ್ಯನೂ ಅಲ್ಲ.

ಆಮೇಲೆ ಅವನು ಅಣ್ಣನ ಹತ್ತಿರ ಹೋಗಿ ಕಾರ್ಡನ್ನು ಕೇಳಿದ. ಕೇಳಿದ್ದೇ ತಪ್ಪಾಯಿತು. ಕೇಳಿದಷ್ಟೂ ಅದರ ಬೆಲೆ ಅಣ್ಣನ ಕಣ್ಣಲ್ಲಿ ಏರಿತು. ಬೀರುವಿನಲ್ಲಿ, ಹೆಂಡತಿಯ ಒಡವೆಯ ಪಕ್ಕ ಇಟ್ಟು ಬೀಗ ಹಾಕಿದ. "ಇರ್ಲಿ ಬಿಡು, ರೇಟ್ ಬರ್ಲಿ" ಅಂದ. ಒಮ್ಮೆ ಅಣ್ಣ ಸ್ಟುಡಿಯೋಗೆ ಬಂದಾಗ ನಾನೇ ಹೇಳಿದೆ, ಅಂಥದ್ದು ಈಗ ಅರ್ಧಕ್ಕೂ ಬಾಳುವುದಿಲ್ಲ, ಕೇಳುತ್ತಿರುವವನಿಗೇ ಕೊಟ್ಟುಬಿಡಿ ಎಂದು. ಅವನು ನನ್ನನ್ನು ಓರೆಗಣ್ಣಿಂದ ನೋಡಿ ನಕ್ಕ. ನಾನು ಸಸ್ತಾದಲ್ಲಿ ಹೊಡೆಯಲು ನೋಡುತ್ತಿದ್ದೇನೆ ಎಂದುಕೊಂಡಿರಬೇಕು. ಸುತ್ತಲಿನ ಬಂಡೆ ಬಯಲು ಕೂಡ ಸುಮ್ಮನೆ ಬಿದ್ದಲ್ಲೇ ಬೆಲೆ ಏರಿಸಿಕೊಂಡದ್ದನ್ನು ನೋಡಿದ ಜನ ಅವರು. ಇಟ್ಟರೆ ಬೆಲೆ ಇಳಿಯುವ ವಸ್ತು ಒಂದು ಲೋಕದಲ್ಲಿ ಇದೆ ಎಂದು ಅವರನ್ನು ನಂಬಿಸಲು ಯಾರಿಂದಲೂ ಆಗುವುದಿಲ್ಲ.

ಸ್ಟುಡಿಯೋದ ಯಂತ್ರದಲ್ಲೇ ಕೂತು ಕೆಲಸ ಮಾಡು ಎಂದೆ. ಕೆಲವು ದಿನ ಬಂದ. ಹೊಸದೊಂದನ್ನು ಕಟ್ಟಿಕೊ, ನಾನೂ ಕೈ ಜೋಡಿಸುತ್ತೇನೆ ಎಂದೆ.

"ಆಗಲ್ಲಕ್ಕ. ಒಂದೊಂದು ಸಾಮಾನು ತಂದಾಗ್ಲೂ ಒಂದಾಸೆ ಇತ್ತು. ಆ ಆಸೇನ ಮತ್ತೆ ಎಲ್ಲಿಂದ ತರ್ಲಿ?"

ಬರುವುದನ್ನು ನಿಲ್ಲಿಸಿದ. ಹೈವೇ ಪಕ್ಕದ ಗೋಡೌನೊಂದರಲ್ಲಿ ಪಾರ್ಸೆಲ್ಲುಗಳ ಮೇಲಿನ ಗೆರೆಗಳಿಗೆ ಕೆಂಪು ದೀಪ ಹಿಡಿಯುವ ಕೆಲಸಕ್ಕೆ ಸೇರಿದ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು. ಹೇಗಿದೆ ಕೆಲಸ ಅಂದರೆ, "ಡಬ್ಬ ನೋಡೋ ಕೆಲಸ" ಅಂದ. ನಗಲಿಲ್ಲ. ಮೊನ್ನೆ ಮೊನ್ನೆ, ಗೋಡೌನಿನಲ್ಲಿ ಎದೆ ನೋವು ಎಂದು ಕೂತವನು ಕೂತ ಕಡೆಯೇ ಹೋಗಿಬಿಟ್ಟ. ಅವನದು ಸಾಯುವ ವಯಸ್ಸಲ್ಲ.

ತಿಥಿಗೆ ಹೋದೆ. ಹೋಗಬಾರದು ಎಂದುಕೊಂಡಿದ್ದೆ, ಮನಸ್ಸು ತಡೆಯಲಿಲ್ಲ. ನಡುಮನೆಯಲ್ಲಿ ಎಡೆ ಇಡುತ್ತಿದ್ದರು. ಮುದ್ದೆ, ಬಾಡಿನ ಸಾರು, ವಡೆ, ಹೊಸ ಪಂಚೆ. ಯಜಮಾನರು ಹೊಸಿಲ ಹತ್ತಿರ ಕೂತು, "ಬರೀ ಊಟ ಅಲ್ಲ ಕಣ್ರಪ್ಪಾ, ಅವನಿಗೆ ಪ್ರಿಯವಾದ್ದು ಏನಿತ್ತೋ ಅದನ್ನೂ ಇಡ್ಬೇಕು. ಇಲ್ದಿದ್ರೆ ಆಸೆ ಇಟ್ಕೊಂಡು ಇಲ್ಲೇ ಸುತ್ತುತಾನೆ" ಅಂದರು.

ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನಿಗೆ ಪ್ರಿಯವಾದ್ದು ಏನೆಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಅಣ್ಣ ಒಳಗೆ ಹೋಗಿ ಬೀರು ತೆಗೆದ. ತಮ್ಮ ತನ್ನ ಮನೆಗೆ ಹೋಗಿ ಬಂದ. ರಾಗಿ ಕೋಣೆಯಿಂದ ಗಾಜಿನ ಪೆಟ್ಟಿಗೆ, ಬೋರ್ಡು, ಎಸ್‌ಎಂಪಿಎಸ್ಸು ಬಂದವು. ಎಲ್ಲವನ್ನೂ ಬಾಳೆ ಎಲೆಯ ಸುತ್ತ ಸಾಲಾಗಿ ಇಟ್ಟು, ಒಂದೊಂದಕ್ಕೂ ಕುಂಕುಮ ಹಚ್ಚಿ, ಒಂದೊಂದು ಸೇವಂತಿಗೆ ಏರಿಸಿದರು. ನಾನು ಒಂದೊಂದನ್ನೇ ನೋಡಿದೆ. ಯಾವುದೂ ಕಮ್ಮಿ ಇರಲಿಲ್ಲ. ಎಲ್ಲವೂ ಒಂದು ಕೋಣೆಯಲ್ಲಿ, ಕೈಯಳತೆಯಲ್ಲಿ ಇದ್ದವು.

ಎಡೆ ಇಟ್ಟ ಮೇಲೆ ಸತ್ತವನು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು ಪದ್ಧತಿ. ನಿಂತೆವು. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದರೆ ಅವತ್ತು ಆ ಮುಚ್ಚಿದ ಬಾಗಿಲ ಮುಂದೆ ಕಣ್ಣೀರು ಸುರಿಸುತ್ತ ನಿಂತು, ಬೇಗ ಬಾಗಿಲು ತೆಗೆಯಬೇಡಿ, ಅವನಿಗೆ ಸ್ವಲ್ಪ ಹೊತ್ತು ಕೊಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ತೆಗೆದರು. ಎಲ್ಲವೂ ಇಟ್ಟ ಹಾಗೇ ಇತ್ತು. ಮುದ್ದೆ ಆರಿತ್ತು. ಅಣ್ಣ ಕೈಮುಗಿದು, ಬಗ್ಗಿ ತನ್ನ ಕಾರ್ಡನ್ನು ಎತ್ತಿಕೊಂಡು, ಟವೆಲಿನಲ್ಲಿ ಕುಂಕುಮ ಒರೆಸಿ ಪೆಟ್ಟಿಗೆಗೆ ಹಾಕಿದ. ತಮ್ಮ ತನ್ನ ಡಬ್ಬಿಗಳನ್ನು ಜೇಬಿಗೆ ಸೇರಿಸಿದ. ಬೋರ್ಡು, ಗಾಜಿನ ಪೆಟ್ಟಿಗೆ, ಕರಿ ಇಟ್ಟಿಗೆ ಎಲೆಯ ಮುಂದೆ ಉಳಿದವು. ಇಬ್ಬರೂ ಅವನ್ನು ನೋಡುತ್ತ ನಿಂತರು. ಅಣ್ಣ ನನ್ನ ಕಡೆ ತಿರುಗಿದ.

"ಮೇಡಮ್ಮೋರೆ, ಇವನ ಜಮೀನೇನೋ ನಾವಿಬ್ರೂ ಅರ್ಧರ್ಧ ಹಾಕ್ಕೊಂಡ್ವಿ. ಇದೊಂದು ಉಳೀತು. ಇದನ್ನ ಎರಡು ಮಾಡೋದು ಹೆಂಗೆ? ನಿಮಗೆ ಗೊತ್ತಿರುತ್ತಲ್ಲ."

"ಬೋರ್ಡು ಎರಡಾಗಲ್ಲ. ಮುರೀಬೇಕು" ಅಂದೆ.

ಅವನು ನಿಜವಾಗಿಯೂ ಯೋಚನೆ ಮಾಡಿದ. "ಮುರಿದ್ರೆ ರೇಟ್ ಹೋಗ್ತದೆ, ಅಲ್ವಾ?"

ತಿಥಿ ಮನೆಯಿಂದ ಉಣ್ಣದೆ ಹೋಗಬಾರದು ಎಂದು ಹೆಂಗಸರು ಸೆರಗು ಹಿಡಿದು ಎಳೆದರು. ಬಿಡಿಸಿಕೊಂಡು ಬಂದು ಬಸ್ಸು ಹತ್ತಿದೆ.